ರವಿವಾರದ ಮುನ್ನುಡಿ

ನಾನು ಬರೆದ ಪುಸ್ತಕ ಒಂದೂ ಇಲ್ಲ. ಬೇರೆಯವರ ಪುಸ್ತಕಗಳಿಗೆ ಬರೆದ ಮುನ್ನುಡಿಗಳು ಮಾತ್ರ ಬೇಕಾದಷ್ಟಿವೆ. ಕಾಲೇಜಿನಲ್ಲಿ ಕನ್ನಡ ಕಲಿಸುವವನು, ಒಂಟಿ ಜೀವ, ಸಂಜೆಗೆ ಬೇರೆ ಉದ್ಯೋಗವಿಲ್ಲ ಅಂತ ಊರಿಗೆಲ್ಲ ಗೊತ್ತಿತ್ತು. ಹೀಗಾಗಿ ಧಾರವಾಡದಲ್ಲಿ ಯಾರು ಏನು ಬರೆದರೂ ಒಂದು ತೆಂಗಿನಕಾಯಿ, ಒಂದು ಪುಡಿಕೆ ಪೇಡೆ, ಬಗಲಲ್ಲಿ ಕೈಬರಹದ ಕಟ್ಟು ಹಿಡಿದುಕೊಂಡು ಸಪ್ತಾಪುರದ ನನ್ನ ಬಾಡಿಗೆ ಕೋಣೆಯ ಬಾಗಿಲಿಗೆ ಬಂದು, “ನಾಕು ಮಾತು ಬರದು ಕೊಡ್ರಿ” ಅನ್ನುತ್ತಿದ್ದರು. ನಾಲ್ಕು ಮಾತು ಅಂದರೆ ಹನ್ನೆರಡು ಪುಟ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಪುಸ್ತಕ ಸಣ್ಣದಾದಷ್ಟೂ ಮುನ್ನುಡಿ ದೊಡ್ಡದಾಗಬೇಕು. ಇಲ್ಲದಿದ್ದರೆ ಪುಸ್ತಕದ ಬೆನ್ನಿನ ಮೇಲೆ ಹೆಸರು ಅಚ್ಚು ಹಾಕಲು ಜಾಗವೇ ಸಿಗುವುದಿಲ್ಲ.

ಆದರೆ ನನ್ನದೊಂದು ಕರಾರಿತ್ತು. ಕೈಬರಹವನ್ನು ನಾನು ಇಟ್ಟುಕೊಳ್ಳುವುದಿಲ್ಲ. ಬರೆದವರೇ ಬಂದು, ನನ್ನೆದುರು ಕೂತು, ರವಿವಾರಕ್ಕೊಂದು ಅಧ್ಯಾಯದಂತೆ ಗಟ್ಟಿಯಾಗಿ ಓದಬೇಕು. ಪೂರ್ತಿ ಓದಿ ಮುಗಿಸಿದ ಮೇಲೆ ಮುನ್ನುಡಿ. ಯಾಕೆ ಹೀಗೆ ಅಂತ ಕೇಳಿದವರಿಗೆ, “ಬಾಯಿಲೆ ಹೇಳಲಿಕ್ಕೆ ಬಾರದ ಮಾತು ಅಚ್ಚಿನ್ಯಾಗ ಇರಬಾರದು” ಅಂತ ದೊಡ್ಡ ಗತ್ತಿನಿಂದ ಹೇಳುತ್ತಿದ್ದೆ. ಅದು ಸುಳ್ಳಲ್ಲ, ಆದರೆ ಪೂರಾ ಖರೆಯೂ ಅಲ್ಲ.

ಖರೆ ಏನೆಂದರೆ ನನಗೆ ರವಿವಾರ ಆಗುತ್ತಿರಲಿಲ್ಲ. ಹೆಂಡತಿ ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಹೋದವಳು ತಿರುಗಿ ಬರಲಿಲ್ಲ, ಕೂಸೂ ಉಳಿಯಲಿಲ್ಲ. ಮತ್ತೊಂದು ಮದುವೆ ಮಾಡಿಕೋ ಅಂತ ಬೆನ್ನು ಹತ್ತಿದವರೆಲ್ಲ ಹೇಳಿ ಹೇಳಿ ಸುಮ್ಮನಾದರು. ವಾರದ ಉಳಿದ ದಿನಗಳು ಕಾಲೇಜಿನ ಹುಡುಗರ ಗದ್ದಲದಲ್ಲಿ ಹೋಗಿಬಿಡುತ್ತಿದ್ದವು. ರವಿವಾರ ಖಾನಾವಳಿಯಲ್ಲಿ ಉಂಡು ಬಂದು ಚಾಪೆಯ ಮೇಲೆ ಕೂತರೆ ಹೊತ್ತು ಸರಿಯುತ್ತಲೇ ಇರಲಿಲ್ಲ. ಮುಂಜಾನೆಯಿಂದ ನನ್ನ ಧ್ವನಿಯನ್ನೇ ನಾನು ಕೇಳಿಲ್ಲವಲ್ಲ ಅಂತ ನೆನಪಾಗಿ ಸುಮ್ಮಸುಮ್ಮನೆ ಒಮ್ಮೆ ಕೆಮ್ಮುತ್ತಿದ್ದೆ. ಒಬ್ಬ ಮನುಷ್ಯ ಎದುರಿಗೆ ಕೂತು ಒಂದೆರಡು ತಾಸು ಏನಾದರೂ ಓದಲಿ, ಎಷ್ಟೇ ಕೆಟ್ಟದ್ದನ್ನಾದರೂ ಓದಲಿ, ನನಗೆ ಅಷ್ಟು ಸಾಕಾಗಿತ್ತು.

ಓದುವವರಿಗೆ ಮಾತ್ರ ಸಾಕುಸಾಕಾಗುತ್ತಿತ್ತು. ಬಹಳ ಮಂದಿ ಎರಡನೆಯ ರವಿವಾರಕ್ಕೇ ಕಾಲಿಗೆ ಬುದ್ಧಿ ಹೇಳಿದರು. ನಾಟಕ ಬರೆದ ವಕೀಲರೊಬ್ಬರು, “ಮಾಸ್ತರ, ಕೋರ್ಟಿನ್ಯಾಗೂ ಇಷ್ಟು ತಾರೀಖು ಹಾಕೂದಿಲ್ರಿ” ಅಂತ ಸಿಡಿಮಿಡಿಗೊಂಡು ಕಟ್ಟು ಎತ್ತಿಕೊಂಡು ಹೋದರು. ಹೋಗುವಾಗ ತೆಂಗಿನಕಾಯಿಯನ್ನೂ ಒಯ್ದರು. ನಾಟಕವೂ ಹಾಗೇ ಇತ್ತು, ಕೊಟ್ಟದ್ದನ್ನೆಲ್ಲ ತಿರುಗಿ ಕೇಳುವಂಥ ಪಾತ್ರಗಳೇ ತುಂಬಿದ್ದವು.

ಎರಡನೆಯ ಮಹಾಯುದ್ಧ ಶುರುವಾಗಿ ಕಾಗದ ತುಟ್ಟಿಯಾಯಿತು. ಪುಸ್ತಕ ಅಚ್ಚು ಹಾಕಿಸುವವರೇ ಇಲ್ಲದಾಗಿ ನನ್ನ ರವಿವಾರಗಳೆಲ್ಲ ಖಾಲಿ ಬಿದ್ದಿದ್ದವು. ಅಂಥ ಒಂದು ಮಧ್ಯಾಹ್ನ ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರು ಬಂದರು. ಬಿಳಿ ರುಮಾಲು, ಹಣೆಯ ಮೇಲೆ ವಿಭೂತಿ, ಉದ್ದ ಕೋಟು, ಕೋಟಿನ ತೋಳಿಗೆ ಅಂಟಿಕೊಂಡ ಹತ್ತಿಯ ಎಳೆ. ವಯಸ್ಸು ಐವತ್ತು ದಾಟಿತ್ತು. ಪೇಟೆಯಲ್ಲಿ ಅವರದು ದೊಡ್ಡ ಅಡತಿ ಅಂಗಡಿ. ರೈತರು ತಂದ ಹತ್ತಿಯನ್ನು ಮಾರಿಸಿಕೊಡುವ ದಂಧೆ.

“ಬರ್ರಿ ಸಾವಕಾರ್ರ. ಕಾಲೇಜಿಗೆ ದೇಣಿಗಿ ಕೊಡಲಿಕ್ಕೆ ಬಂದೀರೇನು?” ಅಂದೆ.

“ಇಲ್ರಿ ಮಾಸ್ತರ್ರ. ಒಂದು ಕಾದಂಬರಿ ಬರದೇನಿ,” ಅಂದರು. ಕಳ್ಳ ಮಾಲು ತಂದವರ ಹಾಗೆ ದನಿ ತಗ್ಗಿಸಿದ್ದರು. “ಯಾರ ಮುಂದೂ ಹೇಳಬ್ಯಾಡ್ರಿ ಮತ್ತ. ಪ್ಯಾಟ್ಯಾಗ ಗೊತ್ತಾದ್ರ ಸಾವಕಾರ ದಿವಾಳಿ ಎದ್ದಾನ ಅಂತಾರ.”

ನಾನು ಕರಾರು ಹೇಳಿದೆ. ರವಿವಾರಕ್ಕೊಂದು ಅಧ್ಯಾಯ, ಅದೂ ಹುಬ್ಬಳ್ಳಿಯಿಂದ ರೈಲುಗಾಡಿ ಹತ್ತಿ ಬಂದು ಓದಬೇಕು. ಈಗ ಎದ್ದು ಹೋಗುತ್ತಾರೆ ಅಂತ ಅವರು ತಂದ ತೆಂಗಿನಕಾಯಿಯ ಕಡೆ ನೋಡುತ್ತ ಕೂತೆ. ಅವರ ಮುಖ ಅರಳಿತು. “ಪ್ರತಿ ರವಿವಾರ ಬರಬೇಕೇನ್ರಿ? ಖಂಡಿತ?” ಅಂತ ಎರಡು ಸಲ ಕೇಳಿದರು. ನನ್ನ ಕರಾರಿಗೆ ಸಂತೋಷಪಟ್ಟ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.

ಅವರ ಕಾದಂಬರಿ ಇಬ್ಬರು ಅಣ್ಣತಮ್ಮಂದಿರದು. ಆಸ್ತಿ ಹಿಸ್ಸೆಯಾಗಿ ಮನೆಯ ನಡುವೆ ಒಂದು ಗೋಡೆ ಬಂದಿದೆ, ಮಾತು ನಿಂತಿದೆ. ಆದರೆ ಗೋಡೆಯಾಚೆ ಅಣ್ಣ ಕೆಮ್ಮಿದರೆ ತಮ್ಮನಿಗೆ ಕೇಳುತ್ತದೆ, ತಮ್ಮನ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಅಣ್ಣನಿಗೆ ಕೇಳುತ್ತದೆ. ಒಬ್ಬರ ಸಪ್ಪಳದ ಮೇಲೆ ಇನ್ನೊಬ್ಬರು ತಮ್ಮ ದಿನ ನಡೆಸುತ್ತಾರೆ. ಇಷ್ಟೇ ಕಥೆ. ಹತ್ತಿಯ ಲಿಲಾವಿನಲ್ಲಿ ದರ ಕೂಗಿ ಪಳಗಿದ ಗಂಟಲಿನಿಂದ, ‘ಗೋಡೆ’ ಅನ್ನುವ ಮಾತು ಬಂದಲ್ಲೆಲ್ಲ ಒಂದು ಕ್ಷಣ ತಡೆದು, ಸಾವಕಾರರು ಓದುತ್ತಿದ್ದರೆ ನಾನು ಮೊದಮೊದಲು ತಪ್ಪು ಹುಡುಕುತ್ತ ಕೂತೆ. ಮೂರನೆಯ ಅಧ್ಯಾಯದಲ್ಲಿ ಅಣ್ಣನ ಕೆಮ್ಮು ಒಂದು ದಿನ ಕೇಳಿಸದೆ ತಮ್ಮ ಊಟ ಬಿಟ್ಟು ಗೋಡೆಗೆ ಕಿವಿ ಹಚ್ಚಿ ಕೂರುತ್ತಾನೆ. ಅದನ್ನು ಕೇಳಿ ತಪ್ಪು ಹುಡುಕುವುದನ್ನೇ ಮರೆತೆ. ಸಿಟ್ಟೂ ಬಂತು. ಇಷ್ಟು ವರ್ಷ ಕನ್ನಡ ಕಲಿಸಿ ಇಂಥದೊಂದು ಪುಟ ನನ್ನ ಕೈಯಿಂದ ಬರಲಿಲ್ಲವಲ್ಲ ಅಂತ ನನ್ನ ಮೇಲೆಯೇ ಸಿಟ್ಟು.

ಕೇಳುವವನು ನಾನೊಬ್ಬನೇ ಆಗಿರಲಿಲ್ಲ. ಮನೆಯೊಡತಿ ಅಜ್ಜಿ ಪಕ್ಕದ ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತ ಕೂತಿರುತ್ತಿದ್ದಳು. ಮರುದಿನ ಮುಂಜಾನೆ ನೀರು ತುಂಬುವಾಗ, “ಮಾಸ್ತರ, ಆ ತಮ್ಮ ಮಾತಾಡ್ಸಿದನೇನು ಅಣ್ಣನ್ನ?” ಅಂತ ಕೇಳುತ್ತಿದ್ದಳು. “ಇನ್ನೂ ಇಲ್ಲಬೇ” ಅಂದರೆ, “ಹಾಳಾಗಿ ಹೋಗ್ಲಿ ಅವನ ಹಟ!” ಅಂತ ಕೊಡ ಕುಕ್ಕುತ್ತಿದ್ದಳು. ನನ್ನ ಯಾವ ಮುನ್ನುಡಿಗೂ ಯಾರೂ ಕೊಡ ಕುಕ್ಕಿದ್ದಿಲ್ಲ.

ಓದು ಮುಗಿದ ಮೇಲೆ ಚಹಾ, ಚುರಮುರಿ. ಆಗ ಶುರುವಾಗುತ್ತಿತ್ತು ನಮ್ಮ ಖರೇ ಮಜಾ. ಬರೆಯಲಾರದ ಕಾದಂಬರಿಗಳನ್ನು ಕಟ್ಟುವ ಆಟ. ನಾನೊಮ್ಮೆ ಹೇಳಿದೆ: “ಸಾವಕಾರ್ರ, ಒಂದು ಕಾದಂಬರಿ. ಮೊದಲನೇ ಪುಟದಾಗ ನಾಯಕ ಹುಬ್ಬಳ್ಳಿ ಗಾಡಿ ತಪ್ಪಿಸಿಕೋತಾನ. ಗಾಡಿ ಹೊಂಟುಹೋತು. ಉಳದ ಇನ್ನೂರು ಪುಟಾನೂ ಗಾಡಿ ಒಳಗಿನ ಕಥಿ. ನಾಯಕ ಕಡೀತನಾ ಸ್ಟೇಶನ್ನಿನ್ಯಾಗ ಕೂತಿರ್ತಾನ.”

ಅವರು ಬಹಳ ಹೊತ್ತು ಯೋಚಿಸಿ, “ಪಾಪ, ಅವನಿಗೆ ನಡುವ ಒಂದು ಕಪ್ಪು ಚಹಾನಾದ್ರೂ ಕೊಡಸ್ರಿ,” ಅಂದರು.

ಅವರದೊಂದಿತ್ತು. ಒಂದು ಪುಸ್ತಕ ತನ್ನ ಕಥೆ ತಾನೇ ಹೇಳಿಕೊಳ್ಳುತ್ತದೆ. ಎರವಲು ಕೊಟ್ಟವರ ಮನೆಯಿಂದ ಇನ್ನೊಬ್ಬರ ಮನೆಗೆ, ಅಲ್ಲಿಂದ ಮತ್ತೊಬ್ಬರ ಮನೆಗೆ, ಹುಬ್ಬಳ್ಳಿಯಿಂದ ಧಾರವಾಡ, ಧಾರವಾಡದಿಂದ ಗದಗು. ಎಲ್ಲರೂ ಓದುತ್ತಾರೆ, ಒಬ್ಬರೂ ಹಿಂದಿರುಗಿಸುವುದಿಲ್ಲ. “ಕಡೀಕೆ ಏನಾಗತದ್ರಿ?” ಅಂತ ಕೇಳಿದೆ. “ಕಡೀಕ ಅದನ್ನ ಬರದಾಂವ ಬಂದು, ನಾ ಬರದ ಪುಸ್ತಕ, ಓದಾಕ ಕೊಡ್ರಿ ಅಂತಾನ್ರಿ. ನೀ ತಿರುಗಿ ಕೊಡ್ತೀದಿ ಅಂತ ಏನು ಗ್ಯಾರಂಟಿ ಅಂತ ಕೇಳ್ತಾರ.” ನಾನು ಬಿದ್ದು ಬಿದ್ದು ನಕ್ಕೆ. ಗೋಡೆಯಾಚೆ ಅಜ್ಜಿಯೂ ನಕ್ಕದ್ದು ಕೇಳಿಸಿತು.

ಬಹುಮಾನಗಳನ್ನೂ ನಾವೇ ಹುಟ್ಟಿಸಿದೆವು. ನಾಯಕಿ ಬಾವಿಗೆ ಹಾರದೆ ಕೊನೆಯ ಪುಟ ಮುಟ್ಟಿದ ಕಾದಂಬರಿಗೆ ಒಂದು ಬಹುಮಾನ. ಆ ಕಾಲಕ್ಕೆ ಅದು ದುರ್ಲಭ, ಬಾವಿಗಳೆಲ್ಲ ನಾಯಕಿಯರಿಂದ ತುಂಬಿಹೋಗಿ ಊರಿಗೆ ಕುಡಿಯುವ ನೀರಿಲ್ಲ ಅನ್ನುವ ಹಾಗಿತ್ತು. ಎರವಲು ಒಯ್ದ ಪುಸ್ತಕ ತಾನಾಗಿಯೇ ತಂದುಕೊಟ್ಟವರಿಗೆ ಶಾಲು ಹೊದಿಸಿ ಮೆರವಣಿಗೆ. ಓದದೆ ಹೊಗಳಿದವನು ಓದಿಲ್ಲವೆಂದು ಸಭೆಯಲ್ಲಿ ಒಪ್ಪಿಕೊಂಡರೆ ಅವನಿಗೆ ಬೆಳ್ಳಿಯ ಲೋಟ. ಕೆಲವು ಸಾಹಿತಿಗಳಿಗೆ ಬರೆದದ್ದಕ್ಕಲ್ಲ, ಇನ್ನು ಮುಂದೆ ಬರೆಯುವುದಿಲ್ಲ ಅಂತ ಒಪ್ಪಿದ್ದಕ್ಕೆ ಬಹುಮಾನ ಕೊಡಬೇಕು ಅನ್ನುವುದು ನನ್ನ ಸಿದ್ಧಾಂತ. “ಮತ್ತ ಹೊಗಳದ ಬರದ ಮುನ್ನುಡಿಗೆ?” ಅಂತ ಸಾವಕಾರರು ಕೇಳಿದರು. ಕೇಳಿ ತಾವೇ, “ಅದಕ್ಕ ಅರ್ಜಿನ ಬರಂಗಿಲ್ಲ ಬಿಡ್ರಿ” ಅಂದುಬಿಟ್ಟರು. ಪೆಟ್ಟು ಸರಿಯಾಗಿ ನನ್ನ ಮೇಲೆಯೇ ಬಿತ್ತು. ನನಗೆ ಬೇಸರವಾಗಲಿಲ್ಲ. ನನ್ನನ್ನು ಚೇಷ್ಟೆ ಮಾಡುವವರು ಒಬ್ಬರಾದರೂ ಇದ್ದಾರಲ್ಲ ಅಂತ ಹಿತವೆನಿಸಿತು.

“ಸಾವಕಾರ್ರ, ಇಷ್ಟೆಲ್ಲಾ ಮಾತು ಮನ್ಯಾಗೂ ಆಡ್ತೀರೇನು?” ಅಂತ ಒಮ್ಮೆ ಕೇಳಿದೆ.

“ಮನಿ ತುಂಬ ಮಂದಿ ಅದಾರ್ರಿ. ಮಕ್ಕಳು, ಸೊಸೆಂದ್ರು, ಮೊಮ್ಮಕ್ಕಳು. ಎಲ್ಲಾರೂ ಛಲೋ ಮಂದಿ. ನಾ ಪುಸ್ತಕ ಹಿಡಕೊಂಡು ಕುಂತ್ರ ಸಾಕು, ಮೈಯಾಗ ಆರಾಮಿಲ್ಲೇನ್ರಿ ಅಂತ ಕಷಾಯ ತಂದಿಡತಾರ.” ಹೇಳಿ ನಕ್ಕರು. ನಾನೂ ನಕ್ಕೆ. ಆ ಮಾತಿನಲ್ಲಿ ನಗುವಂಥದ್ದು ಬಹಳ ಇರಲಿಲ್ಲ ಅಂತ ನನಗೆ ಆಗ ಹೊಳೆಯಲಿಲ್ಲ.

ಕೊನೆಯ ಅಧ್ಯಾಯ ಓದಿಯಾದರೂ ಕಾದಂಬರಿ ಮುಗಿಯುವ ಲಕ್ಷಣ ಇರಲಿಲ್ಲ, ಅಣ್ಣತಮ್ಮಂದಿರು ಮಾತಾಡಬೇಕೋ ಬೇಡವೋ ಅನ್ನುವುದೇ ಇನ್ನೂ ತೀರ್ಮಾನವಾಗಿರಲಿಲ್ಲ. “ಹ್ವಾದ ವಾರದ ಅಧ್ಯಾಯದಾಗ ಒಂದೀಟು ತಿದ್ದೇನ್ರಿ, ಮತ್ತೊಮ್ಮೆ ಓದ್ಲಿ?” ಅಂತ ಬರುತ್ತಿದ್ದರು. ತಿದ್ದಿದ್ದು ನೋಡಿದರೆ ರೊಟ್ಟಿ ಹೋಗಿ ಚಪಾತಿ ಆಗಿರುತ್ತಿತ್ತು, ಮುಂದಿನ ವಾರ ಮತ್ತೆ ರೊಟ್ಟಿ. ಹತ್ತಿಯ ಸುಗ್ಗಿ ಬಂದು ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲದಾಗಲೂ ಅವರು ರವಿವಾರ ತಪ್ಪಿಸಲಿಲ್ಲ. ಒಂದು ಅಕ್ಷರಕ್ಕೆ ಇಷ್ಟು ಒದ್ದಾಡುವ ಮನುಷ್ಯ ಎಂಥ ಶಿಸ್ತಿನವನು ಅಂತ ನಾನು ತಲೆದೂಗಿದೆ. ಅವರು ಬರುವ ಗಾಡಿಯ ಹೊತ್ತಿಗೆ ನಾನು ಎರಡು ಸಲ ಅಂಗಳಕ್ಕೆ ಹೋಗಿ ಬರುತ್ತಿದ್ದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನಗೆ ರವಿವಾರ ಬೇಕೆನಿಸತೊಡಗಿತ್ತು.

ಆ ವರ್ಷ ನಮ್ಮೂರಿನ ಸಾಹಿತ್ಯಾಸಕ್ತರ ಮಂಡಳಿಯೊಂದು ಕಾದಂಬರಿಗೆ ಬಹುಮಾನ ಸಾರಿತು. ಶ್ರಾವಣ ಮುಗಿಯುವುದರೊಳಗೆ ಅಚ್ಚಾದ ಪುಸ್ತಕ ಬರಬೇಕು, ದಸರೆಗೆ ಬಹುಮಾನ. ತೀರ್ಪುಗಾರರು ಇಬ್ಬರು: ನಾನು, ಮತ್ತು ಹಳೇ ಹುಬ್ಬಳ್ಳಿಯ ನಿವೃತ್ತ ಹೆಡ್ ಮಾಸ್ತರರೊಬ್ಬರು. ಅವರು ಈಗಿಲ್ಲ, ಅದಕ್ಕೇ ಇದನ್ನೆಲ್ಲ ಬರೆಯುವ ಧೈರ್ಯ ಮಾಡಿದ್ದೇನೆ. ಹಿಂದೆಯೂ ಎರಡು ಮೂರು ಸಲ ನಾವಿಬ್ಬರೂ ಕೂಡಿ ತೀರ್ಪು ಕೊಟ್ಟಿದ್ದೆವು. ಕೂಡಿ ಅನ್ನುವುದು ಹೇಳುವ ಮಾತಷ್ಟೇ, ಒಂದು ಸಲವೂ ಒಪ್ಪಿದ್ದಿಲ್ಲ. ಯಾವ ಪುಸ್ತಕ ಮುಂದಿಟ್ಟರೂ ಅವರದು ಒಂದೇ ಮಾತು: “ಉದ್ದ ಆತು.” ಒಮ್ಮೆ ಚುಟುಕುಗಳ ಪುಸ್ತಕಕ್ಕೂ ಹಾಗೇ ಅಂದಿದ್ದರು.

ಸಾವಕಾರರ ಕಾದಂಬರಿಗೆ ಈ ಬಹುಮಾನ ಬಾರದಿದ್ದರೆ ಇನ್ನು ಯಾವುದಕ್ಕೆ ಬರಬೇಕು? ಮುನ್ನುಡಿ ಬರೆದವನೇ ವಿಮರ್ಶೆ ಬರೆದು, ಅವನೇ ಬಹುಮಾನವನ್ನೂ ಕೊಟ್ಟು, ಹಾರ ಹಾಕುವಾಗ ಫೋಟೋದಲ್ಲೂ ನಿಲ್ಲುವ ಊರು ನಮ್ಮದು. ನಾನು ಮಾತ್ರ ಈ ಒಂದು ಪುಸ್ತಕದ ತೀರ್ಪನ್ನು ಹೆಡ್ ಮಾಸ್ತರರಿಗೇ ಬಿಡುವುದು ಅಂತ ನಿಶ್ಚಯಿಸಿದೆ. ಆ ಮುದುಕರಿಗೂ ಇದು ಉದ್ದ ಅನ್ನಿಸಲಾರದು. ಆದರೆ ಪುಸ್ತಕ ಅಚ್ಚಾಗಬೇಕಾದರೆ ಮುನ್ನುಡಿ ಮುಗಿಯಬೇಕು. ಮುನ್ನುಡಿ ಮುಗಿದರೆ ಸಾವಕಾರರು ಇನ್ನು ಬರುವುದಿಲ್ಲ.

ಮೂರು ಸಂಜೆ ಮನಸ್ಸು ಹೊಯ್ದಾಡಿತು. ಒಂದು ರವಿವಾರಕ್ಕಾಗಿ ಒಳ್ಳೆಯ ಪುಸ್ತಕವೊಂದನ್ನು ಹಿಡಿದಿಟ್ಟುಕೊಳ್ಳುವುದೇ? ನಾಲ್ಕನೆಯ ಸಂಜೆ ಕೂತು ಬರೆದೆ. ಎಂದೂ ಇಲ್ಲದ ಹಾಗೆ ಒಂದೂ ಸುಳ್ಳು ಹೊಗಳಿಕೆ ಹಾಕದೆ ಬರೆದೆ. ಬರೆದು ಮುಗಿಸಿದಾಗ ಸಂತೋಷವಾಗಬೇಕಿತ್ತು, ಬಿಕ್ಕಿ ಬಿಕ್ಕಿ ಅಳು ಬಂತು. ಹೆಂಡತಿ ಹೋದ ಮೇಲೆ ನಾನು ಹಾಗೆ ಅತ್ತಿರಲಿಲ್ಲ.

ರವಿವಾರ ಅವರು ಬಂದು ಕಟ್ಟು ಬಿಚ್ಚುವ ಮೊದಲೇ ತಡೆದೆ. ಅಜ್ಜಿಯಿಂದ ಒಂದು ತಾಟು ಇಸಿದುಕೊಂಡು ಅದರಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಮೇಲೆ ಮುನ್ನುಡಿಯ ಹಾಳೆಗಳನ್ನು ಇಟ್ಟಿದ್ದೆ. ಲೇಖಕರು ನನಗೆ ಕಾಯಿ ಕೊಡುವುದು ವಾಡಿಕೆ. ನಾನು ಲೇಖಕರಿಗೆ ಕೊಟ್ಟದ್ದು ಅದೊಂದೇ ಸಲ. ಅಷ್ಟು ಮರ್ಯಾದೆ ಆ ಪುಸ್ತಕಕ್ಕೆ ಸಲ್ಲಬೇಕು ಅನ್ನಿಸಿತ್ತು.

“ಇನ್ನ ತಡಾ ಮಾಡಬ್ಯಾಡ್ರಿ. ಸೀದಾ ಛಾಪಖಾನೆಗೆ ಕೊಟ್ಟುಬಿಡ್ರಿ. ಬಹುಮಾನ ನಿಮ್ಮದ,” ಅಂದೆ.

ಅವರು ತಾಟಿನ ಕಡೆ ನೋಡುತ್ತ ನಿಂತರು. “ಮುಗೀತೇನ್ರಿ?”

“ಮುಗೀತು!” ಅಂದೆ ನಾನು, ನಗುನಗುತ್ತ.

ಹಾಳೆಗಳನ್ನು ಕಣ್ಣಿಗೊತ್ತಿಕೊಂಡು ಕೋಟಿನ ಒಳಗಿಟ್ಟರು. ಚಹಾ ಒಲ್ಲೆ ಅಂದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಏನೋ ಹೇಳುವವರಂತೆ ಒಮ್ಮೆ ತಿರುಗಿದರು, ಆಮೇಲೆ “ಬರ್ತೇನ್ರಿ” ಅಂತ ಹೊರಟರು. ಮುಂದಿನ ರವಿವಾರವೂ ಬರ್ರಿ ಅನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಂಗಡಿ, ಮನೆ, ಮಕ್ಕಳು ಮರಿ ಇದ್ದ ದೊಡ್ಡ ಮನುಷ್ಯ. ಕೆಲಸವಿಲ್ಲದೆ ನನ್ನ ಚಾಪೆಯ ಮೇಲೆ ಬಂದು ಕೂಡ್ರಿ ಅಂತ ಯಾವ ಬಾಯಿಂದ ಹೇಳಲಿ? ಹೇಳಲಿಲ್ಲ.

ಮುಂದಿನ ರವಿವಾರ ಗಾಡಿಯ ಹೊತ್ತಿಗೆ ಅಂಗಳಕ್ಕೆ ಹೋಗಿ ನಿಂತೆ. ಅಭ್ಯಾಸ. ಅದರ ಮುಂದಿನ ರವಿವಾರ ಹೋಗಬಾರದು ಅಂತ ಹಟ ಹಿಡಿದು ಕೂತೆ, ಆದರೂ ಹೋದೆ. “ನಿಮ್ಮ ಹತ್ತಿ ಸಾವಕಾರ್ರು ಬರಂಗಿಲ್ಲೇನು ಇನ್ನ? ಆ ಅಣ್ಣತಮ್ಮರದು ಏನಾತು?” ಅಂತ ಅಜ್ಜಿ ಕೇಳಿದಳು. “ಪುಸ್ತಕ ಬರತದ, ಅದರಾಗ ನೋಡು” ಅಂತ ಸಿಡುಕಿದೆ. “ನನಗೇನು ಓದಾಕ ಬರ್ತೈತೇನೋ ಯಪ್ಪಾ” ಅಂದಳು ಆಕೆ. ಆಮೇಲೆ ಕೇಳಲಿಲ್ಲ. ಗಾಡಿ ತಪ್ಪಿಸಿಕೊಂಡವರ ಮೇಲೆ ಕಾದಂಬರಿ ಕಟ್ಟುವುದು ಸುಲಭ, ಮಧ್ಯಾಹ್ನ ಕಳೆಯುವುದು ಕಷ್ಟ.

ಶ್ರಾವಣ ಮುಗಿಯಿತು. ಮಂಡಳಿಯವರು ಬಂದ ಪುಸ್ತಕಗಳನ್ನು ಕಳಿಸಿಕೊಟ್ಟರು. ಮೂರೇ ಮೂರು. ಅವರದು ಅದರಲ್ಲಿರಲಿಲ್ಲ. ಕಾಗದ ಸಿಗಲಿಲ್ಲವೋ, ಮನಸ್ಸು ಬದಲಾಯಿತೋ, ಮೈಯಲ್ಲಿ ಆರಾಮಿಲ್ಲವೋ, ಏನೂ ತಿಳಿಯದೆ ತಳಮಳಿಸಿದೆ. ಬಹುಮಾನದ ತೀರ್ಪಿಗೆ ಇಬ್ಬರ ರುಜುವೂ ಬೇಕಾಗಿದ್ದರಿಂದ ಒಂದು ರವಿವಾರ ಹುಬ್ಬಳ್ಳಿಗೆ ಹೊರಟೆ. ಮೊದಲು ಹೆಡ್ ಮಾಸ್ತರರ ಮನೆ, ಅಲ್ಲಿಂದ ಅಡತಿ ಅಂಗಡಿಯ ಕಾವಲುಗಾರನ ಹತ್ತಿರ ಹೋಗಿ ಸಾವಕಾರರ ಮನೆ ಕೇಳುವುದು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡೆ. ಹಳೇ ಹುಬ್ಬಳ್ಳಿಯ ಓಣಿಯ ಬಾಯಿಗೆ ಟಾಂಗಾ ಬಿಟ್ಟು ನಡೆದೆ.

ಹೆಡ್ ಮಾಸ್ತರರ ಮನೆಯ ಕಿಟಕಿಯಿಂದ ಯಾರೋ ಓದುವ ಸಪ್ಪಳ ಬರುತ್ತಿತ್ತು. ಕಟ್ಟೆ ಏರುವಾಗ ಕಾಲು ನಿಂತಿತು. ಅಣ್ಣನ ಕೆಮ್ಮು ಕೇಳಿಸದೆ ತಮ್ಮ ಗೋಡೆಗೆ ಕಿವಿ ಹಚ್ಚಿ ಕೂತಿದ್ದಾನೆ. ಅದೇ ಗಂಟಲು. ‘ಗೋಡೆ’ ಅನ್ನುವಲ್ಲಿ ಅದೇ ತಡೆ. ನನಗೆ ಹೊಟ್ಟೆಕಿಚ್ಚಾಯಿತು. ಮರ್ಯಾದೆ ಬಿಟ್ಟು ಹೇಳುತ್ತಿದ್ದೇನೆ, ಮೈಯೆಲ್ಲ ಉರಿಯಿತು. ನನ್ನ ಅಧ್ಯಾಯ ಅದು, ನನ್ನ ರವಿವಾರ ಅದು!

ಒಳಗೆ ಹೋದೆ. ಸಾವಕಾರರು ನನ್ನನ್ನು ನೋಡಿ ಓದುವುದನ್ನು ನಿಲ್ಲಿಸಿಬಿಟ್ಟರು. ಹೆಡ್ ಮಾಸ್ತರರು ಆರಾಮ ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. “ಯಾರದು?” ಅಂದರು, ತಿರುಗಿ ನೋಡದೆ.

“ನಾನ್ರಿ. ಧಾರವಾಡದಿಂದ.”

“ಓಹೋ, ಮುನ್ನುಡಿ ಮಾಸ್ತರ್ರು! ಬರ್ರಿ, ಕೂಡ್ರಿ. ಮೂರೂ ಪುಸ್ತಕ ಮುಗದಾವ. ಮೂರೂ ಉದ್ದ ಆದವು.”

ಅವರ ಸೊಕ್ಕಿಗೆ ಇನ್ನಷ್ಟು ಉರಿಯಿತು. ಮನೆಗೆ ಬಂದವನ ಮುಖ ಕೂಡ ನೋಡುವುದಿಲ್ಲವಲ್ಲ! ಜಗಳಕ್ಕೆ ಸಿದ್ಧನಾಗಿ ನನ್ನ ಆಯ್ಕೆ ಹೇಳಿದೆ. “ಹೂಂ, ಅದ ಆಗಲಿ. ಉಳದೆರಡರಕಿಂತ ಕಡಿಮಿ ಉದ್ದ ಅದ” ಅಂದುಬಿಟ್ಟರು. ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಪ್ಪಿದ್ದು ಅದೇ ಮೊದಲು, ನನಗೆ ಅದರ ಮೇಲೆ ಗಮನವೇ ಇರಲಿಲ್ಲ. ಕಾಗದ ಮುಂದೆ ಹಿಡಿದೆ. “ಎಲ್ಲಿ ರುಜು ಮಾಡೂದು ತೋರಸ್ರಿ ಸಾವಕಾರ್ರ” ಅಂದರು ಅವರು. ಸಾವಕಾರರು ಕಾಗದದ ಮೇಲೆ ಬೆರಳಿಟ್ಟರು. ಆ ಬೆರಳಿನ ಪಕ್ಕದಲ್ಲಿ ಮುದುಕರು ಹೆಸರು ಗೀಚಿದರು. ನಾನು ಚಹಾ ಕುಡಿಯದೆ ಎದ್ದೆ. ಸಾವಕಾರರು, “ಮಾಸ್ತರ್ರನ್ನ ಸ್ಟೇಶನ್ನಿಗೆ ಬಿಟ್ಟು ಬರ್ತೇನ್ರಿ” ಅಂತ ಹಿಂದೆಯೇ ಬಂದರು.

ಓಣಿ ದಾಟಿದ ಕೂಡಲೇ ನಾನು ತಡೆಯಲಾರದೆ ಒದರಿಬಿಟ್ಟೆ. “ಏನ್ರಿ ಇದು? ಅಚ್ಚಿಗೆ ಕೊಡ್ರಿ ಅಂತ ಮುನ್ನುಡಿ ಕೊಟ್ಟರ ಇನ್ನೊಬ್ಬರ ಮನ್ಯಾಗ ಕೂತು ಓದ್ಲಿಕತ್ತೀರಿ? ನನ್ನ ಮುನ್ನುಡಿ ಸೇರಲಿಲ್ಲೇನು?”

“ಛೇ ಛೇ, ಹಂಗನಬ್ಯಾಡ್ರಿ. ದಿನಾ ಓದ್ತೇನಿ ಅದನ್ನ. ಅಚ್ಚು ಹಾಕಿಸಿದ್ರ ಎಲ್ಲಾ ಮುಗದ ಹೋತಲ್ರಿ ಮಾಸ್ತರ್ರ. ಬಹುಮಾನ ತಗೊಂಡು ಏನ್ ಮಾಡ್ಲಿ? ಆಮ್ಯಾಲ ರವಿವಾರ ಯಾರ ಮನಿಗಿ ಹೋಗ್ಲಿ?”

ನಾನು ನಿಂತೆ. ಅವರೂ ನಿಂತರು.

“ನೀವು ತಾಟಿನ್ಯಾಗ ಕಾಯಿ ಇಟ್ಟು, ಎಲಿ ಅಡಿಕಿ ಇಟ್ಟು, ಮಗಳನ್ನ ಗಂಡನ ಮನಿಗಿ ಕಳಸಿದಂಗ ಕಳಸಿದ್ರಿ. ಎಲಿ ಅಡಿಕಿ ಕೊಟ್ಟ ಮ್ಯಾಲ ಇನ್ನ ಕುಂದ್ರೂದು ಚಂದ ಅಲ್ಲ ಅಂತ ಎದ್ದು ಬಂದೆ. ಮುಂದಿನ ರವಿವಾರ ಮನ್ಯಾಗ ಕುಂದ್ರಾಕ ಆಗಲಿಲ್ರಿ. ಒಂದು ಪುಸ್ತಕಕ್ಕ ಎರಡು ಮುನ್ನುಡಿ ಇರಬಾರ್ದು ಅಂತ ಎಲ್ಲೈತಿ ಅಂತ ಹೇಳಿ ಇವರ ಬಾಗಲಕ್ಕ ಬಂದೆ.”

ನನಗೆ ನಗು ಬಂತು, ಅಳುವೂ ಬಂತು. ಮರ್ಯಾದೆ ಮಾಡಲು ಹೋಗಿ ಮನುಷ್ಯನನ್ನು ಹೊರಗೆ ಕಳಿಸಿಬಿಟ್ಟಿದ್ದೆ. ಈಗ ಮಾತು ಗಂಟಲಲ್ಲಿ ನಿಲ್ಲಲಿಲ್ಲ. “ಸಾವಕಾರ್ರ, ನಾ ಒಬ್ಬಾಂವ ಇದ್ದೇನಿ. ನೀವು ಬಾರದ್ದಕ್ಕ ನನಗ ಬಹಳ ತ್ರಾಸ ಆಗೇದ. ಮುಂದಿನ ರವಿವಾರ ಬರ್ರಿ. ಕೈಬರಹ ಬ್ಯಾಡ, ಕಾಯಿ ಬ್ಯಾಡ, ಏನೂ ಬ್ಯಾಡ. ಸುಮ್ಮನ ಬರ್ರಿ.”

ಅವರ ಕಣ್ಣಲ್ಲಿ ನೀರು ಬಂತು. “ಈ ಮಾತು ಅವತ್ತ ಅಂದಿದ್ರ…” ಅಂದರು. ಆಮೇಲೆ ಹಿಂದೆ ಓಣಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಹೆಡ್ ಮಾಸ್ತರ್ರಿಗೆ ಕಣ್ಣು ಕಾಣಂಗಿಲ್ರಿ. ಪೂರಾ ಹೋಗ್ಯಾವ. ಒಬ್ರಿಗೂ ಹೇಳಿಲ್ಲ. ಕಣ್ಣಿಲ್ಲದಾಂವ ಪುಸ್ತಕದ ತೀರ್ಪು ಕೊಡ್ತಾನೇನು ಅಂತ ಮಂದಿ ನಗತಾರ ಅಂತ ಹೆದರ್ಯಾರ. ಆ ಮೂರೂ ಪುಸ್ತಕ ನಾನ ಓದಿ ಹೇಳೇನಿ.”

ಗೋಡೆಯ ಕಡೆ ತಿರುಗಿದ್ದ ಮುಖ, ಕಾಗದದ ಮೇಲಿನ ಬೆರಳು, ಎಲ್ಲ ಒಮ್ಮೆಲೇ ತಿಳಿಯಿತು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

“ಹಂಗಾದ್ರ ನಾನೂ ಅಲ್ಲಿಗೇ ಬರ್ತೇನಿ. ಮೂವರೂ ಕೂಡಿ ಕೂಡೂಣು,” ಅಂದೆ.

“ನೀವು ಬಂದ್ರ ಅವರು ಬಾಯಿ ಮುಚ್ಚಿಬಿಡ್ತಾರ್ರಿ. ಎಲ್ಲಾರಿಗಿಂತ ನಿಮಗ ಗೊತ್ತಾಗಬಾರ್ದು ಅಂತನ ಅವರಿಗೆ. ನಿಮ್ಮನ್ನ ಬಹಳ ದೊಡ್ಡಾವರು ಅಂತ ತಿಳದಾರ.”

“ಬ್ಯಾರೆ ದಿನ?”

“ಬ್ಯಾರೆ ದಿನ ಪ್ಯಾಟಿ ಇರ್ತೈತ್ರಿ.” ಹೆಡ್ ಮಾಸ್ತರರ ಓಣಿಯ ಕಡೆ ಕೈ ತೋರಿಸಿ ಹೇಳಿದರು: “ರವಿವಾರ ಮುಂಜಾನಿಂದ ಬಾಗಲಾ ತಗದು ಕುಂತಿರ್ತಾರ. ಹ್ವಾದ ತಿಂಗಳ ಒಮ್ಮೆ ಹೊತ್ತಾಗಿ ಹೋದೆ. ಅವತ್ತ ಊಟ ಮಾಡಿದ್ದಿಲ್ರಿ. ಇಂಥವರನ್ನ ನಡುವ ಬಿಟ್ಟು ಹೆಂಗ ಬರ್ಲಿ, ನೀವ ಹೇಳ್ರಿ.”

ಬಾಗಿಲು ತೆಗೆದು ಕೂರುವುದು ಏನೆಂದು ಹುಬ್ಬಳ್ಳಿ ಧಾರವಾಡದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ನನಗೆ ಕಣ್ಣಾದರೂ ಇದ್ದವು.

ಸ್ಟೇಶನ್ನಿನಲ್ಲಿ ಧಾರವಾಡದ ಗಾಡಿ ನಿಂತಿತ್ತು. ಹತ್ತಿ ಕೂತೆ. ಅವರು ಕೈಮುಗಿದು ಹೊರಟವರನ್ನು ಕಿಟಕಿಯಿಂದ ಕೂಗಿ ಕರೆದೆ. ಹತ್ತಿರ ಬಂದರು.

“ಸಾವಕಾರ್ರ, ಹೆಡ್ ಮಾಸ್ತರ್ರು ಮುನ್ನುಡಿ ಹೇಳ್ತೇನಿ, ಬರಕೋರಿ ಅಂದ್ರ…”

“ಹೂಂನ್ರಿ?”

“ಬರಕೋಬ್ಯಾಡ್ರಿ. ಇನ್ನೂ ಒಂದು ಅಧ್ಯಾಯ ತಿದ್ದೂದದ ಅಂತ ಹೇಳ್ರಿ.”

ಅವರು ತಲೆಯಾಡಿಸಿದರು. ಗಾಡಿ ಬಿಟ್ಟಾಗ ಅವರು ಆಗಲೇ ಹಳೇ ಹುಬ್ಬಳ್ಳಿಯ ಕಡೆ ಲಗುಬಗೆಯಿಂದ ನಡೆದಿದ್ದರು.